ಚೆಲ್ಲಿದ ಅನ್ನದ ಪುಡಿ

ಕಮಲಾಪುರದ ರೇವಣಸಿದ್ದ ಉಂಡ ತಾಟು ತೊಳೆದು ಆ ನೀರನ್ನೂ ಕುಡಿಯುವ ಮನೆತನದವನು. ಹೆಂಡತಿ ಸುವರ್ಣಮ್ಮನೂ ಹಾಗೆಯೇ. ನೆಲಕ್ಕೊಂದು ಅಗುಳು ಬಿದ್ದರೆ ಶಿವನೇ ಜಾರಿಬಿದ್ದನೆಂದು ಕಣ್ಣಿಗೊತ್ತಿಕೊಳ್ಳುವ ಜೋಡಿ. ಅಂಥವನು ಗಣಿ ಧಣಿ ವೀರೇಶರ ಮಗಳ ನಿಶ್ಚಿತಾರ್ಥದ ಪೆಂಡಾಲಿನ ಹಿಂದೆ ಹೋಗಿ ನೋಡಿದ. ಸಂಡೂರಿನ ಗುಡ್ಡ ಕರಗಿಸಿದವರು ಇಲ್ಲಿ ಅನ್ನದ ಗುಡ್ಡ ಪೇರಿಸಿದ್ದರು. ಹಂದಿಗಳೂ ತಿನ್ನಲಾರದೆ ಅಡ್ಡಬಿದ್ದಿದ್ದವು.

ರೇವಣಸಿದ್ದ ಆ ಅನ್ನವನ್ನು ತಿಪ್ಪೆಗೆ ಬಿಡಲಿಲ್ಲ. ಎರಡು ಡ್ರಮ್ಮು ತುಂಬಿ ತಂದ. ಅನ್ನದಲ್ಲಿ ಕಣ್ಣಿಗೆ ಕಾಣದ ಜೀವಿಗಳನ್ನು ಬೆಳೆಸಿ, ಒಣಗಿಸಿ, ಕೋಳಿಗೆ ಪ್ರೋಟೀನ್ ಪುಡಿ ಮಾಡುವುದನ್ನು ಕೃಷಿ ತರಬೇತಿಯಲ್ಲಿ ಕಲಿತಿದ್ದ. ಮದುವೆಯ ದಿನ ಆ ಪುಡಿಯನ್ನು ಧಣಿಯ ಮುಂದೆ ಸುರಿದು ನಾಚಿಸಬೇಕು, ಇನ್ನು ಅನ್ನ ಚೆಲ್ಲುವುದಿಲ್ಲವೆಂದು ಮಾತು ತೆಗೆದುಕೊಳ್ಳಬೇಕು. ಇದು ಅವನ ಹಟ.

ಒಂದು ಡ್ರಮ್ಮಿನದು ಪುಡಿಯಾಯಿತು. ಇನ್ನೊಂದು ಇನ್ನೂ ಹುಳಿಯುತ್ತಿತ್ತು. ಮದುವೆಯ ಬೆಳಗ್ಗೆ ಸುವರ್ಣಮ್ಮ ಮದುವೆ ಮಂಟಪಕ್ಕೆಂದು ಹೊಸಪೇಟೆಯ ಬಸ್ಸು ಹತ್ತಿದ ಮೇಲೆ ಅದರ ಮುಚ್ಚಳ ಢಮಾರೆಂದು ಹಾರಿ, ಪಕ್ಕದ ಮನೆಯ ಪಕೀರಮ್ಮನ ಒಲೆ ಮುಂದೆ ಬಿತ್ತು. ಹಿಂದೆಯೇ ಹುಳಿ ವಾಸನೆ.

"ಅಯ್ಯ ಶಿವನ! ಕೊರಳಾಗ ಲಿಂಗ, ಹಿತ್ತಲದಾಗ ಸೆರೆ ಭಟ್ಟಿ!"

"ಸೆರೆ ಅಲ್ಲಬೇ ಯಕ್ಕಾ, ಕೋಳಿ ಮೇವು!"

"ಹೌದೌದು, ನನ್ನ ಗಂಡನೂ ಬರೇ ಮಜ್ಜಿಗಿ ಕುಡದು ತೂರಾಡ್ತಿದ್ದ!"

ಪಕೀರಮ್ಮನ ಫೋನಿಗೆ ಅರ್ಧ ಗಂಟೆಯಲ್ಲಿ ಪೇದೆ ಲಿಂಗರಾಜ್ ಜೀಪು ತಂದ. ಡ್ರಮ್ಮು ಮೂಸಿ ಮೂಗು ಹಿಡಿದುಕೊಂಡ. "ಸಾಹೇಬ್ರೇ ನೋಡ್ಲಿ. ಅವ್ರು ಧಣಿ ಮದುವ್ಯಾಗದಾರ. ಹತ್ತಪಾ!" ಡ್ರಮ್ಮು, ಪುಡಿಯ ಚೀಲ, ರೇವಣಸಿದ್ದ, ಸಾಕ್ಷಿಗೆಂದು ರೇಷ್ಮೆ ಸೀರೆಯುಟ್ಟ ಪಕೀರಮ್ಮ, ಎಲ್ಲರೂ ದಿಬ್ಬಣದಂತೆ ಹೊರಟರು.

ಮಂಟಪದಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಹೋಳಿಗೆ ಹಿಡಿದೇ ಡ್ರಮ್ಮಿಗೆ ಬಗ್ಗಿದರು. "ಥೂ, ಇದರಾಗ ಕಿಕ್ಕೇ ಇಲ್ಲಲೇ! ಬಿಡ್ರಿ ಅವನ್ನ."

ಗದ್ದಲಕ್ಕೆ ಧಣಿಯೇ ಬಂದರು. ಇದೇ ಸಮಯವೆಂದು ರೇವಣಸಿದ್ದ ಚೀಲ ಬಿಚ್ಚಿ ಅವರ ಕಾಲ ಮುಂದೆ ಸುರಿದ.

"ಧಣೀ, ಇದು ನೀವು ಅವತ್ತು ಚೆಲ್ಲಿದ ಅನ್ನ! ದೇವರಂಥಾ ಅನ್ನ ತಿಪ್ಪಿಗೆ ಹಾಕಾಕ ನಾಚಿಕಿ ಆಗ್ಲಿಲ್ಲೇನ್ರಿ? ನಾ ಎತ್ಕೊಂಡು ಹೋಗಿ ಕೋಳಿಗೆ ಪ್ರೋಟೀನ್ ಮಾಡೀನಿ!"

ವಾಲಗದವರೂ ಊದುವುದು ಬಿಟ್ಟು ನೋಡಿದರು. ಧಣಿಯ ಕಣ್ಣು ತೇವವಾದವು. ಗೆದ್ದೆ, ಶಿವನೇ, ಎಂದುಕೊಂಡ ರೇವಣಸಿದ್ದ. ಧಣಿ ಮೈಕು ಹಿಡಿದರು.

"ಬಂಧುಗಳೇ, ಅನ್ನ ಚೆಲ್ಲಿದ್ರ ಪಾಪ ಅಂತ ನಮ್ಮವ್ವ ದಿನಾ ಬೈತಿದ್ಲು. ಇನ್ನ ಆ ಚಿಂತಿ ಇಲ್ಲ! ನಮ್ಮ ರೇವಣಸಿದ್ದಪ್ಪ ಅದನ್ನೂ ಪುಣ್ಯ ಮಾಡ್ತಾನ. ಭಾಳ ನೀಡಿಸ್ಕೋರಿ, ತಾಟಿನಾಗ ಧಾರಾಳ ಬಿಟ್ಟು ಏಳ್ರಿ!"

ಚಪ್ಪಾಳೆಯೋ ಚಪ್ಪಾಳೆ. ಕಚ್ಚಿದ ಹೋಳಿಗೆ, ಮುಟ್ಟದ ಪಲಾವು ಆಲಿಕಲ್ಲಿನಂತೆ ಡ್ರಮ್ಮಿಗೆ ಬೀಳತೊಡಗಿದವು. ಮೊದಲ ತಾಟು ಪಕೀರಮ್ಮನದೇ. "ತಗೋ ತಮ್ಮಾ, ನಿನ್ನ ಕೋಳಿಗೆ."

"ಬ್ಯಾಡ್ರೀ! ಉಣ್ರೀ!" ಎಂದು ಎರಡೂ ಕೈ ಅಡ್ಡ ಹಿಡಿದು ಕೂಗುತ್ತಿದ್ದವನಿಗೆ ಗುಂಪಿನಲ್ಲಿ ಸುವರ್ಣಮ್ಮ ಕಂಡಳು. ಹೋದ ಜೀವ ಬಂದಂತಾಯಿತು.

"ನೀನರೆ ತಾಟು ತೊಳಕೊಂಡು ಕುಡದಿ ಹೌದಿಲ್ಲೋ?"

ಸುವರ್ಣಮ್ಮ ನಾಚಿ ನಗುತ್ತಾ ಅರ್ಧ ತಾಟು ಚಿತ್ರಾನ್ನವನ್ನು ಡ್ರಮ್ಮಿಗೆ ಸುರಿದಳು.

"ಊರ ಮಂದಿ ಎಲ್ಲಾ ನಿಮಗ ಕೊಡಾಕತ್ತಾರ. ಕಟ್ಕೊಂಡಾಕಿ ಬರಿಗೈಲೆ ಬರ್ಲೇನ್ರಿ? ನಿಮ್ಮ ಸಲುವಾಗೇ ಅರ್ಧ ಹೊಟ್ಟಿ ಉಂಡೀನಿ."