ಅಕ್ಕನ ಸವತಿ

ಟಕಟಕಟಕಟಕ. ಕಾಫಿ ಲೋಟ ಬಟ್ಟಲಿಗೆ ಬಡಿದುಕೊಳ್ಳುವ ಈ ಸದ್ದು ಕೇಳಿದರೆ ಭಾವ ಹಜಾರದಲ್ಲಿದ್ದಾರೆಂದು ಅರ್ಥ. ನಮ್ಮ ಭಾವನ ಕೈ ಒಂದು ದಿನವೂ ನಡುಗಿದ್ದಿಲ್ಲ. ನಡುಗುತ್ತದೆ ಎಂದವರು ನಾವು. ಅವರ ಪ್ರಕಾರ ಅದು ಪ್ರಾಕ್ಟೀಸ್ ಮಾಡುತ್ತಿತ್ತು.

ಯಾವುದಕ್ಕೆ ಪ್ರಾಕ್ಟೀಸ್ ಎಂದು ಆಗಿನ್ನೂ ಅವರಿಗೂ ಗೊತ್ತಿರಲಿಲ್ಲ ಬಿಡಿ. ಅಕ್ಕನ ಗಂಡ ಮಂಡಿ ಮೊಹಲ್ಲಾದಲ್ಲಿ ಬೀಟೆ ಹಲಗೆಯೊಳಗೆ ಬಿಳಿ ಮರದ ಚೂರು ಕೂರಿಸಿ ಆನೆ, ಜಿಂಕೆ ಮೂಡಿಸುವ ಕೆಲಸದವರು. ತೊಂಬತ್ತರ ದಶಕದ ನಡುವೆ ಒಂದು ದಿನ ಆನೆಯ ಕಣ್ಣು ಹೋಗಿ ಸೊಂಡಿಲಿನ ಮೇಲೆ ಕೂತಿತು. ಮಾಲೀಕರು ಕೇಳಿದ್ದಕ್ಕೆ, "ಆನೆ ವಾಸ್ನೆ ನೋಡೋದು ಸೊಂಡಿಲಲ್ಲೇ ಅಲ್ವಾ? ನೋಡ್ಲಿ ಬುಡಿ" ಎಂದರಂತೆ. ಮಾಲೀಕರು ನಕ್ಕರು. ನಕ್ಕು, ನಾಳೆಯಿಂದ ಬರಬೇಡಿ ಎಂದರು.

ನಾನಾದರೂ ಏನು ಕಡಿಮೆ? ಕಾನ್ವೆಂಟಿನಲ್ಲಿ ಡೆಸ್ಕ್ ತಟ್ಟಿದರೆ ಸಿಸ್ಟರ್ ಬೆರಳ ಗೆಣ್ಣಿಗೆ ಸ್ಕೇಲಿನಿಂದ ಕೊಡುತ್ತಿದ್ದರು. ಆ ಡಿಸಿಪ್ಲಿನ್ ಎಲ್ಲಿ ಹೋಗಬೇಕು? ಒಂದು ಮದುವೆಯೂಟದಲ್ಲಿ ಭಾವನ ಎಡಗೈ ಎಲೆಯ ಪಕ್ಕ ಟಪಟಪ ಎನ್ನುತ್ತಿದ್ದಾಗ ಗಟ್ಟಿಯಾಗಿ ಅದುಮಿ ಹಿಡಿದೆ. "ಭಾವ, ಪ್ಲೀಸ್, ಜನ ನೋಡ್ತಿದಾರೆ." ಪಾಯಸ ಬರುವ ಮೊದಲೇ ಅವರು ಎದ್ದರು. ಆಮೇಲೆ ಯಾರ ಮದುವೆಗೂ ಬರಲಿಲ್ಲ.

ಅದೇ ದಿನಗಳಲ್ಲಿ ಕೇಬಲ್ ಟಿವಿಯಲ್ಲಿ ಯಾರೋ ಫಾರಿನ್ ಮನುಷ್ಯ ತಂತಿ ಬಿಗಿದ ಹಲಗೆಯನ್ನು ಎರಡೂ ಕೈಯಿಂದ, ಟೈಪ್ ಮಾಡುವ ಹಾಗೆ, ತಟ್ಟಿ ತಟ್ಟಿ ನುಡಿಸುವುದನ್ನು ಭಾವ ನೋಡಿದರು.

"ಮೀಟೋದೇ ಬೇಡ್ವಂತೆ ಕಣಮ್ಮ, ತಟ್ಟಿದ್ರೆ ಸಾಕಂತೆ. ಈ ಕೈಗೆ ಹೇಳಿ ಮಾಡಿಸ್ದಂಗದೆ."

ಅಂಗಡಿಯಲ್ಲಿ ಸಿಗದ ವಾದ್ಯ ಮನೆಯಲ್ಲೇ ಶುರುವಾಯಿತು. ಅಕ್ಕನ ಮದುವೆಯ ಮಂಚದ ಪಕ್ಕದ ಪಟ್ಟಿ ಹಲಗೆಯಾಯಿತು. ಅಕ್ಕ ಚಾಪೆಗೆ ಬಂದಳು. ಸೈಕಲ್ ಕಡ್ಡಿಗಳನ್ನು ತುಂಡರಿಸಿ ವೀಣೆಗಿರುವಂಥ ಮೆಟ್ಟಿಲು ಕೂರಿಸಿದರು. ತಟ್ಟದ ತಂತಿ ಸುಮ್ಮನಿರಲೆಂದು ತುದಿಗೆ ಅಕ್ಕನ ಹಳೇ ಸೀರೆಯ ಚೂರು ಸುತ್ತಿದರು. ಇನ್ನು ತಂತಿಯ ದನಿಯನ್ನು ಹಿಡಿದು ಮನೆಯ ರೇಡಿಯೊದ ಸ್ಪೀಕರಿನಲ್ಲಿ ಜೋರಾಗಿ ಕೇಳಿಸಲು ಒಂದು ಮ್ಯಾಗ್ನೆಟ್ ಬೇಕಿತ್ತು. ಕುವೆಂಪುನಗರದ ನಮ್ಮ ಮನೆಗೆ ಬಂದು, ಚೆನ್ನಾಗಿಯೇ ಇದ್ದ ಟೆಲಿಫೋನನ್ನು "ರಿಪೇರಿ ಮಾಡ್ತೀನಿ" ಎಂದು ಬಿಚ್ಚಿ, ಕಿವಿಗೆ ಹಿಡಿಯುವ ಕಡೆ ಇದ್ದ ಮ್ಯಾಗ್ನೆಟ್ ತುಂಡನ್ನು ಜೇಬಿಗಿಳಿಸಿ ಹೊರಟುಹೋದರು. ಒಂದು ವಾರ ನಾನು ಮಾತಾಡಿದ್ದು ಎಲ್ಲರಿಗೂ ಕೇಳುತ್ತಿತ್ತು, ಅವರು ಮಾತಾಡಿದ್ದು ನನಗಿಲ್ಲ. "ನಿನಗೇನು ಡಿಫರೆನ್ಸ್ ಆಯ್ತು?" ಎಂದರು ನನ್ನ ಹಸ್ಬೆಂಡ್.

ವಾದ್ಯ ನುಡಿಯಿತು. ಭಾವ ಒಂದು ಸ್ವರ ತಟ್ಟಿದರೆ ಕೈ ಎಂಟು ಕೊಡುತ್ತಿತ್ತು. ಅದರಲ್ಲೂ ರಿಷಭದ ಮೇಲೆ ಬೆರಳು ಬಿತ್ತೋ, ರಿರಿರಿರಿ.

ಅಡುಗೆಮನೆಯಿಂದ ಅಕ್ಕ ಕೂಗಿದಳು. "ಏನ್ರೀ, ರೀ ರೀ ಅಂತ ಕರೆಯೋಕೆ ನಾನೊಬ್ಳು ಸಾಲ್ದೂಂತ ಸವತೀನ ತಂದ್ರಾ?"

"ಇವಳು ಕರೆದ್ರೆ ತರಕಾರಿ ತನ್ನಿ ಅನ್ನಲ್ಲ ಕಣೇ."

"ನನ್ನ ಮಂಚ ಮುರಿದು, ನನ್ನ ಸೀರೇನೇ ಉಡಿಸಿದೀರಲ್ಲ, ನಾಚ್ಕೆ ಆಗಲ್ವಾ?"

ಬೈಯುತ್ತಲೇ ಸೌಟು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು, ಸಾರು ಉಕ್ಕುವವರೆಗೆ.

ಎರಡು ಸಾವಿರದ ಇಸವಿಯ ಈಚೆಗೆ, ಒಂದು ಬೇಸಿಗೆಯಲ್ಲಿ, ಅಕ್ಕ ತೀರಿಹೋದಳು. ಮಕ್ಕಳಿಲ್ಲದ ಮನೆ. ನಮಗೆಲ್ಲ ಅವರು ಭಾವ, ಬೀದಿಗೆ ಮೇಸ್ತ್ರಿ, ಹಾಲಿನವನಿಗೆ ಸ್ವಾಮಿ. ರೀ ಎನ್ನಲು ಯಾರೂ ಉಳಿದಿರಲಿಲ್ಲ. ಇದು ನನಗೆ ಹೊಳೆದದ್ದು ಎಷ್ಟು ತಡವಾಗಿ.

ಭಾವನನ್ನು ನಾನು ಕೊನೆಯ ಸಲ ನೋಡಿದ್ದು ಆ ಹಜಾರದಲ್ಲೇ. ಮಂಚದ ಪಟ್ಟಿ ತೊಡೆಯ ಮೇಲಿತ್ತು. ತಟ್ಟುತ್ತಿದ್ದದ್ದು ಒಂದೇ ತಂತಿ, ಒಂದೇ ಮೆಟ್ಟಿಲು. ನಡುಕ ಮೊಣಕೈವರೆಗೂ ಏರಿತ್ತು. ನೋಡಲಾಗದೆ, ಹಳೇ ಅಭ್ಯಾಸ, ಅವರ ಕೈಯನ್ನು ಅದುಮಿ ಹಿಡಿದೆ. ಸದ್ದು ನಿಂತಿತು. ಅವರು ಅಡುಗೆಮನೆಯ ಬಾಗಿಲಿನ ಕಡೆ ನೋಡಿದರು. ಆಮೇಲೆ ನನ್ನ ಕಡೆ.

"ಕೈ ಬುಡಮ್ಮ."

ಬಿಟ್ಟೆ. ಎದ್ದು ಬಂದೆ. ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಮತ್ತೆ ಕೇಳಿಸಿತು. ರಿರಿರಿರಿ.

"ಬಂದೆ ಕಣೇ" ಎಂದರು ಭಾವ.