ಅಮ್ಮನ ಸ್ನಾನಕ್ಕೆ ಭಾವನ ಬಾಯ್ಲರ್

ನನ್ನ ಭಾವ ಕೈ ಹಾಕಿದ ಯಾವ ವಸ್ತುವೂ ಈವರೆಗೆ ರಿಪೇರಿಯಾಗಿಲ್ಲ. ಹಾಗಂತ ಕೆಟ್ಟೂ ಹೋಗಿಲ್ಲ. ಅವೆಲ್ಲ ಬೇರೆ ಏನೋ ಆಗಿಬಿಟ್ಟಿವೆ! ಅಕ್ಕನ ಮಿಕ್ಸಿ ಈಗ ಮುಚ್ಚಳದ ಮೇಲೆ ಬಲಗೈ ಇಟ್ಟರೆ ಮಾತ್ರ ತಿರುಗುತ್ತದೆ, ಎಡಗೈಗೆ ಸೊಪ್ಪು ಹಾಕುವುದಿಲ್ಲ. ಬಾಗಿಲ ಗಂಟೆ ಒತ್ತಿದರೆ ತಕ್ಷಣ ಬಾರಿಸುವುದಿಲ್ಲ. ಬಂದವರು ಯಾರೂ ಇಲ್ಲವೆಂದು ತಿರುಗಿ ಲಿಫ್ಟಿನ ಹತ್ತಿರ ಹೋದ ಮೇಲೆ ನಿಧಾನವಾಗಿ ಬಾರಿಸುತ್ತದೆ. ‘ಅದು ಯೋಚನೆ ಮಾಡಿ ಬಾರಿಸುತ್ತೆ’ ಎನ್ನುವುದು ಭಾವನ ಸಮರ್ಥನೆ.

ಭಾವ ಇಂಜಿನಿಯರ್ ಏನಲ್ಲ. ಮೈಸೂರಿನಿಂದ ದೋಹಾಗೆ ಬಂದು ಇಪ್ಪತ್ತು ವರ್ಷಗಳಿಂದ ಒಂದು ಕಟ್ಟಡ ಕಂಪನಿಯಲ್ಲಿ ಕಾಗದಪತ್ರ ಜೋಡಿಸಿಡುವ ಕೆಲಸ ಮಾಡುತ್ತಿದ್ದಾರೆ. ಆದರೆ ಬೇರೆಯವರು ಪುರಾಣ ಓದುವಷ್ಟು ಶ್ರದ್ಧೆಯಿಂದ ಮೆಷಿನ್‌ಗಳ ಕೈಪಿಡಿ ಓದುತ್ತಾರೆ. ಇಂಗ್ಲಿಷಿನದು ಮುಗಿದರೆ ಅದರಲ್ಲೇ ಇರುವ ಅರಬ್ಬಿ ಪುಟಗಳನ್ನೂ ತಿರುವುತ್ತಾರೆ. ಅರಬ್ಬಿ ಬರುತ್ತಾ ಅಂತ ಕೇಳಿದರೆ ಚಿತ್ರ ಅರ್ಥವಾಗುತ್ತಲ್ಲ ಎನ್ನುತ್ತಾರೆ. ಎರಡರಲ್ಲೂ ಇರುವುದು ಅದೇ ಚಿತ್ರ!

ನಾನಿರುವುದೂ ದೋಹಾದ ನಜ್ಮಾ ಬಡಾವಣೆಯಲ್ಲೇ, ಅವರ ಮನೆಯಿಂದ ಎರಡು ಗಲ್ಲಿ ಆಚೆ. ಶುಕ್ರವಾರ ರಜೆಯಾದ್ದರಿಂದ ಊಟಕ್ಕೆ ಅಕ್ಕನ ಮನೆಗೆ ಹೋಗುತ್ತೇನೆ. ಹಾಗಾಗಿ ಈ ಬಾಯ್ಲರ್ ಪ್ರಕರಣಕ್ಕೆ ನಾನು ಕಣ್ಣಾರೆ ಸಾಕ್ಷಿ. ಗೀಸರ್ ಅಂತ ಜಗತ್ತೆಲ್ಲ ಕರೆಯುವುದನ್ನು ಭಾವ ಬಾಯ್ಲರ್ ಅಂತಲೇ ಕರೆಯುತ್ತಾರೆ. ಗೀಸರ್ ಅಂದರೆ ಅದರ ಮರ್ಯಾದೆ ಕಡಿಮೆಯಾಗುತ್ತದಂತೆ.

ಇಲ್ಲಿ ಬೇಸಿಗೆಯಲ್ಲಿ ಬಾಯ್ಲರ್ ಬೇಕಾಗುವುದಿಲ್ಲ. ಮಾಳಿಗೆ ಮೇಲಿನ ಟ್ಯಾಂಕಿನ ನೀರೇ ಕುದಿಯುತ್ತಿರುತ್ತದೆ. ಬಾಯ್ಲರ್ ಆರಿಸಿಟ್ಟರೆ ಅದರೊಳಗೆ ನಿಂತ ನೀರು ಮನೆಯ ಏಸಿಗೆ ತಣ್ಣಗಾಗುತ್ತದೆ. ಅಂದರೆ ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು, ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು! ಬಂದವರಿಗೆ ಗೊಂದಲವಾಗಬಾರದೆಂದು ಭಾವ ನಲ್ಲಿಗಳ ಮೇಲೆ ತಿಂಗಳುವಾರು ಚೀಟಿ ಅಂಟಿಸಿದರು. ದೂರದ ಅಲ್ ಶಮಾಲ್ ಊರಿನಿಂದ ಬಂದಿದ್ದ ಅವರ ಸಹೋದ್ಯೋಗಿಯೊಬ್ಬರು ಚೀಟಿಯನ್ನು ಮೂರು ಸಲ ಓದಿ, ಕೈ ತೊಳೆಯದೆ ಹೊರಬಂದು, ಟಿಶ್ಯೂ ಸಾಕು ಸಾರ್ ಅಂದರು.

ಕಷ್ಟ ಇರುವುದು ಚಳಿಗಾಲದಲ್ಲಿ. ಎರಡು ವರ್ಷದ ಹಿಂದೆ ಜನವರಿಯಲ್ಲಿ ನಮ್ಮ ಅಮ್ಮ ಬಂದಿದ್ದಳು. ಅಮ್ಮನಿಗೆ ಬೆಳಗಿನ ಐದಕ್ಕೆ ಸ್ನಾನವಾಗಬೇಕು. ಆದರೆ ಯಾರನ್ನೂ ಏನೂ ಕೇಳುವ ಹೆಂಗಸಲ್ಲ. ಅದರಲ್ಲೂ ಅಳಿಯನನ್ನು! ಮೂವತ್ತು ವರ್ಷಗಳಲ್ಲಿ ಅವರಿಬ್ಬರು ನೇರವಾಗಿ ಆಡಿದ ಮಾತನ್ನು ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆದು ವಿಳಾಸಕ್ಕೂ ಜಾಗ ಉಳಿಸಬಹುದು. ಅಮ್ಮ ‘ಅವರಿಗೆ ಇನ್ನೊಂದು ಚಪಾತಿ ಹಾಕು’ ಅಂತ ಅಕ್ಕನಿಗೆ ಹೇಳುವಳು, ಭಾವ ‘ಅತ್ತೆಗೆ ಚಳಿಯಾಗ್ತಿದೆಯಾ ಕೇಳು’ ಅಂತ ಅಕ್ಕನನ್ನೇ ಕೇಳುವರು. ಆ ಸಲ ಸ್ವಿಚ್ ಯಾವುದೆಂದು ಕೇಳಲು ಸಂಕೋಚಪಟ್ಟು ಅಮ್ಮ ಒಂದು ವಾರ ತಣ್ಣೀರು ಹೊಯ್ದುಕೊಂಡಳು. ಕೆಮ್ಮು ಹತ್ತಿದ ಮೇಲೆ ವಿಷಯ ಹೊರಬಿತ್ತು. ಅವತ್ತು ಭಾವ ಊಟಕ್ಕೆ ಕೂತವರು ಅರ್ಧಕ್ಕೇ ಎದ್ದುಹೋದರು.

ಈ ಸಲ ಅಮ್ಮ ಬರುವುದು ಗೊತ್ತಾದದ್ದೇ ತಡ, ಭಾವ ಒಂದು ಸ್ಮಾರ್ಟ್ ಕಂಟ್ರೋಲರ್ ತರಿಸಿದರು. ಅದರಲ್ಲಿ ಎರಡು ಭಾಗ. ಗೋಡೆಯ ಹಳೇ ಸ್ವಿಚ್ಚಿನ ಬದಲಿಗೆ ಒಂದು ಡಬ್ಬಿ, ಬಾಯ್ಲರಿಗೇ ಜೋಡಿಸುವುದು. ಬಾಯ್ಲರ್ ಇದ್ದದ್ದು ಬಾತ್‌ರೂಮಿನ ಹೊರಗೆ ಪ್ಯಾಸೇಜಿನ ಫಾಲ್ಸ್ ಸೀಲಿಂಗ್ ಒಳಗೆ. ಇನ್ನೊಂದು ಪುಟ್ಟ ಪರದೆ, ನಡುಮನೆಯ ಗೋಡೆಗೆ ಹಾಕುವುದು. ಪರದೆಯಲ್ಲಿ ಸಮಯ ಹಾಕಿದರೆ ಅದು ತಂತಿಯಿಲ್ಲದೆ ಡಬ್ಬಿಗೆ ತಿಳಿಸುತ್ತದೆ, ಡಬ್ಬಿ ಬಾಯ್ಲರನ್ನು ಹೊತ್ತಿಸುತ್ತದೆ. ಅಮ್ಮ ಯಾರನ್ನೂ ಕೇಳಬೇಕಿಲ್ಲ. ರಾತ್ರಿಯೆಲ್ಲ ಆನ್ ಇಟ್ಟರೆ ಸಾಲದೇ ಅಂತ ನಾನು ಕೇಳಿದೆ. ಈ ಹಳೇ ಬಾಯ್ಲರನ್ನು ಎರಡು ಗಂಟೆಗಿಂತ ಹೆಚ್ಚು ಇಟ್ಟರೆ ಮನೆಯ ಕರೆಂಟೇ ಟ್ರಿಪ್ ಆಗುತ್ತದಂತೆ.

ಮೇಲಿನ ಮನೆಯಲ್ಲಿ ಮಂಗಳೂರು ಕಡೆಯ ಹಾಜಿಯವರಿದ್ದಾರೆ. ಸೂಕ್ ವಾಕಿಫ್ ಪೇಟೆಯಲ್ಲಿ ಅವರದು ಮಸಾಲೆ ಅಂಗಡಿ. ಅವರು ಕೇಳಿದ್ದೇ ತಪ್ಪಾಯಿತು, ಭಾವ ಅವರಿಗೂ ಒಂದು ಸೆಟ್ ತರಿಸಿ, ಎಲೆಕ್ಟ್ರಿಷಿಯನ್ ಒಬ್ಬನನ್ನು ಹಿಡಿದು, ಒಂದೇ ದಿನ ಎರಡೂ ಮನೆಗೆ ಹಾಕಿಸಿದರು.

ಹಾಕಿಸಿದರೆ, ಗೋಡೆಯ ಪರದೆ ‘ಬಾಯ್ಲರ್ ಸಂಪರ್ಕಕ್ಕೆ ಸಿಗುತ್ತಿಲ್ಲ’ ಎಂದಿತು. ಬಾಯ್ಲರ್ ಇದ್ದದ್ದು ಹತ್ತು ಹೆಜ್ಜೆ ದೂರದಲ್ಲಿ! ಮೇಲಿನ ಮನೆಯಲ್ಲೂ ಅದೇ ಕಥೆ. ಆದರೆ ಹಾಜಿಯವರಿಗೆ ಇನ್ನೊಂದು ಬಾತ್‌ರೂಮ್ ಇತ್ತು, ಅವಸರವಿರಲಿಲ್ಲ.

ಭಾವ ಬ್ಯಾಟರಿ ಬದಲಿಸಿದರು. ವೈಫೈ ಆರಿಸಿದರು. ಮೈಕ್ರೋವೇವ್ ಅಡ್ಡ ಬರುತ್ತಿದೆಯೆಂದು ಅದನ್ನು ಬಾಲ್ಕನಿಗೆ ಸಾಗಿಸಿದರು, ಮೂರು ದಿನ ಅಕ್ಕ ಅನ್ನ ಬಿಸಿ ಮಾಡಲು ಬಾಲ್ಕನಿಗೆ ಹೋಗಬೇಕಾಯಿತು. ಅಕ್ಕನ ಬಳೆಗಳಿಂದ ಸಿಗ್ನಲ್ ಚದುರುತ್ತಿದೆ ಎಂಬ ಅನುಮಾನವೂ ಬಂತು. ಅದಕ್ಕೆ ಅಕ್ಕ ಕೊಟ್ಟ ಉತ್ತರ ಇಲ್ಲಿ ಬೇಡ. ಕೊನೆಗೆ ಪರದೆಯನ್ನು ಮಂಗಳಾರತಿ ತಟ್ಟೆಯಂತೆ ಎರಡು ಕೈಯಲ್ಲಿ ಹಿಡಿದು ಕೋಣೆಯಿಂದ ಕೋಣೆಗೆ ತಿರುಗತೊಡಗಿದರು.

ಅಷ್ಟರಲ್ಲಿ ಅಮ್ಮ ಬಂದಿಳಿದಳು. ಮರುದಿನ ಫೋನಿನಲ್ಲಿ ಸ್ನಾನಕ್ಕೆ ನೀರು ಹೇಗಿತ್ತಮ್ಮ ಅಂದರೆ ಹದವಾಗಿತ್ತು ಅಂದಳು. ಭಾವನನ್ನು ಕೇಳಿದರೆ, ಅದರ ವ್ಯವಸ್ಥೆ ಆಗಿದೆ, ನೀನು ತಲೆ ಕೆಡಿಸಿಕೊಳ್ಳಬೇಡಮ್ಮ ಅಂದರು. ಹೀಗೆ ಮೂರು ವಾರ ಪರದೆಯಲ್ಲಿ ಸಂಪರ್ಕವಿಲ್ಲ, ಬಚ್ಚಲಲ್ಲಿ ಬಿಸಿನೀರಿಗೆ ಕೊರತೆಯಿಲ್ಲ. ಭಾವನ ಮನೆಯಲ್ಲಿ ಇದಕ್ಕಿಂತ ವಿಚಿತ್ರಗಳನ್ನು ಕಂಡಿದ್ದ ನಾನು ಹೆಚ್ಚು ಕೆದಕಲಿಲ್ಲ.

ಒಂದು ಬುಧವಾರ ಪರದೆಯನ್ನು ಬೀರುವಿನ ನೆತ್ತಿಗೆ ಇಟ್ಟಾಗ ಅದರಲ್ಲಿ ಹಸಿರು ದೀಪ ಬಂತು. ಸಂಪರ್ಕ ಸಿಕ್ಕಿತ್ತು! ಭಾವ ಬೆಳಗಿನ ನಾಲ್ಕೂವರೆಗೆ ಸಮಯ ಹಾಕಿ, ಅಕ್ಕನಿಂದ ಪಾಯಸ ಮಾಡಿಸಿದರು.

ಶುಕ್ರವಾರ ನಾನು ಊಟಕ್ಕೆ ಕೂತಿದ್ದಾಗ ಹಾಜಿಯವರು ಖರ್ಜೂರದ ಡಬ್ಬ ಹಿಡಿದು ಬಂದರು. “ನಿಮ್ಮ ಮೆಷಿನ್ ಭಾರಿ ಒಳ್ಳೇದುಂಟು ಮಾರಾಯ್ರೆ. ಎರಡು ದಿನದಿಂದ ಬೆಳಗಿನ ನಮಾಜಿಗೆ ಏಳುವಾಗ ನೀರು ಬಿಸಿ ಆಗಿಯೇ ಇರ್ತದೆ,” ಅಂದರು.

ಭಾವ ಹಿಗ್ಗಿ, ನೀವು ಎಷ್ಟು ಗಂಟೆಗೆ ಸಮಯ ಹಾಕಿದ್ದೀರಿ ಅಂತ ಕೇಳಿದರು. ಹಾಜಿಯವರು ತಾನೇನೂ ಹಾಕಿಲ್ಲ, ಅದು ಇನ್ನೂ ಸಂಪರ್ಕವಿಲ್ಲ ಅಂತಲೇ ತೋರಿಸುತ್ತಿದೆ, ಗಡಿಯಾರದ ಹಾಗೆ ಚಂದ ಕಾಣುತ್ತದೆಂದು ಹೆಂಡತಿ ಗೋಡೆಯಲ್ಲೇ ಬಿಟ್ಟಿದ್ದಾಳೆ ಅಂದರು.

ಭಾವನ ಕೈಯ ತುತ್ತು ಅಲ್ಲೇ ನಿಂತಿತು. ಎರಡು ಸೆಟ್ ಬಿಚ್ಚಿದ ದಿನ ಪರದೆಗಳು ಅದಲುಬದಲಾಗಿದ್ದವು! ಭಾವನ ಮನೆಯ ಪರದೆ ಇಷ್ಟು ದಿನ ಹುಡುಕುತ್ತಿದ್ದದ್ದು ಹಾಜಿಯವರ ಬಾಯ್ಲರನ್ನು. ಬೀರುವಿನ ನೆತ್ತಿಗೇರಿದಾಗ ಚಾವಣಿಯಾಚೆಗೆ ಅದು ಸಿಕ್ಕಿಬಿಟ್ಟಿತ್ತು.

ನಾನು ನಗತೊಡಗಿದೆ. ಭಾವ ನಗಲಿಲ್ಲ. ಎಂಜಲುಗೈಯಲ್ಲೇ ಎದ್ದು ಅಮ್ಮನ ಎದುರು ನಿಂತು, ಅಕ್ಕನ ಮುಖ ನೋಡದೆ, ನೇರವಾಗಿ ಕೇಳಿದರು.

“ಅತ್ತೆ, ನಿನ್ನೆ, ಇವತ್ತು ನೀರು ತಣ್ಣಗಿತ್ತಾ?”

ಅಮ್ಮ ಸೆರಗು ಸರಿಮಾಡಿಕೊಂಡು, “ತಣ್ಣಗೆ ಅಂತಲ್ಲ...” ಅಂದಳು ಅಕ್ಕನಿಗೆ.

ಭಾವ ಕೈ ತೊಳೆದು, ಹಾಜಿಯವರನ್ನು ಕರೆದುಕೊಂಡು ಮೇಲೆ ಹೋದರು. ಹತ್ತು ನಿಮಿಷದಲ್ಲಿ ಪರದೆಗಳು ತಂತಮ್ಮ ಮನೆ ಸೇರಿದವು. ಎರಡರಲ್ಲೂ ಹಸಿರು ದೀಪ.

ಅವರು ಮೇಲಿದ್ದಾಗ ನಾನು ಅಮ್ಮನನ್ನು ಬೈದೆ. ಎರಡು ದಿನ ತಣ್ಣೀರು ಹೊಯ್ದುಕೊಂಡು ಬಾಯಿ ಮುಚ್ಚಿಕೊಂಡಿದ್ದೆಯಲ್ಲ, ಹೋದ ಸಲದ ಕೆಮ್ಮು ಸಾಲಲಿಲ್ಲವಾ ಅಂದೆ. ಅಮ್ಮ ಪ್ಯಾಸೇಜಿನ ಕಡೆ ನೋಡಿ ದನಿ ತಗ್ಗಿಸಿದಳು.

“ಮೂರು ವಾರ ದಿನಾ ನಾಲ್ಕೂವರೆಗೆ ಎದ್ದು ಅವರೇ ಸ್ಟೂಲ್ ಹತ್ತಿ, ಸೀಲಿಂಗ್ ಮುಚ್ಚಳ ತೆಗೆದು ಡಬ್ಬಿಯ ಗುಂಡಿ ಒತ್ತುತ್ತಿದ್ದರು ಕಣೇ. ಎಳೆದರೆ ಸದ್ದಾಗಿ ನನಗೆ ಎಚ್ಚರವಾಗುತ್ತೆ ಅಂತ, ಆ ಮಂಡಿನೋವಲ್ಲಿ ಸ್ಟೂಲನ್ನು ಎತ್ತಿಕೊಂಡು ಬರೋರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಮೊನ್ನೆ ಮೆಷಿನ್ ಸರಿಹೋಯಿತು ಅಂತ ಅಷ್ಟು ಸಂತೋಷಪಟ್ಟು ಪಾಯಸ ಮಾಡಿಸಿದಾರೆ. ನೀರು ತಣ್ಣಗಿದೆ ಅಂತ ಹೇಗೆ ಹೇಳಲಿ?”

ನಾನು ಬೈಯುವುದು ಬಿಟ್ಟು ಹಾಜಿಯವರ ಖರ್ಜೂರದ ಡಬ್ಬವನ್ನು ಅಮ್ಮನ ಮುಂದೆ ಸರಿಸಿದೆ.

ಮರುವಾರ, ಆಫೀಸಿನಲ್ಲಿ ಮೀಟಿಂಗ್ ಮಧ್ಯೆ ಭಾವನ ಫೋನ್ ಬಂತು. ಅವರು ಹಗಲಲ್ಲಿ ಎಂದೂ ಮಾಡುವವರಲ್ಲ. ಗಾಬರಿಯಾಗಿ ಹೊರಗೆ ಓಡಿ ಏನಾಯಿತೆಂದು ಕೇಳಿದೆ.

“ಬೆಳಿಗ್ಗೆ ನಾನು ಪೇಪರ್ ಓದುತ್ತಾ ಕೂತಿದ್ದೆ ಕಣಮ್ಮ. ಅತ್ತೆ ಬಂದು ಎದುರಿಗೆ ನಿಂತರು. ನೀರು ತೀರಾ ಬಿಸಿ ಬರ್ತಿದೆ, ಸ್ವಲ್ಪ ಕಡಿಮೆ ಮಾಡಿಕೊಡಿ ಅಂದರು,” ಎಂದರು ಭಾವ. “ನಿಮ್ಮಕ್ಕನಿಗಲ್ಲ. ನನಗೇ ಹೇಳಿದ್ದು.”