ನನ್ನ ಹಳೇ ಕಾರಿಗೆ ನಾನೇ ಮಾಡಿದ ಮೀಟರ್

ಹಳೇ ಕಾರನ್ನ ಮಾರಲ್ಲ ಅಂತ ಹಟ ಹಿಡಿದರೆ ಸಾಕು, ಬೀದಿಯವರಿಗೆಲ್ಲ ನಗೋಕೆ ಏನಾದರೊಂದು ಸಿಗ್ತಾನೇ ಇರುತ್ತೆ. ನನ್ನದು ಸ್ವಂತ ಸಂಬಳದಲ್ಲಿ ಕೊಂಡ ಮೊದಲ ಕಾರು. ಕಾಲೇಜಲ್ಲಿ ಫಿಸಿಕ್ಸ್ ಪಾಠ ಮಾಡಿ ನಾನು ರಿಟೈರ್ ಆದೆ. ಕಾರು ರಿಟೈರ್ ಆಗೋದಕ್ಕೆ ಮಾತ್ರ ಬಿಡಲಿಲ್ಲ.

ಗ್ಯಾರೇಜಿನಲ್ಲಿ

ಒಂದಿನ ಸ್ಪೀಡು, ಪೆಟ್ರೋಲು ತೋರಿಸೋ ಮುಳ್ಳುಗಳೆರಡೂ ಮಲಗಿಬಿಟ್ಟವು. ಜೆ.ಪಿ. ನಗರದ ಮೆಕ್ಯಾನಿಕ್ ಬಗ್ಗಿ ನೋಡಿ, "ಈ ಮೀಟರ್ ಈಗ ಎಲ್ಲೂ ಸಿಗಲ್ಲ ಮೇಡಂ. ಗುಜರಿಗೆ ಹಾಕಿಬಿಡಿ" ಅಂದರು.

"ಸಿಗದಿದ್ರೆ ನಾನೇ ಮಾಡ್ಕೋತೀನಿ."

"ಮನೇಲಿ ಮಾಡ್ಕೊಳ್ಳೋಕೆ ಅದೇನು ಉಪ್ಪಿಟ್ಟಾ ಮೇಡಂ?"

"ಉಪ್ಪಿಟ್ಟು ನನಗೆ ಬರಲ್ಲ. ಇದನ್ನಾದ್ರೂ ಕಲೀತೀನಿ" ಅಂದು ಕಾರು ವಾಪಸ್ ತಂದೆ.

ನಿಂತಲ್ಲೇ ಅರವತ್ತೆರಡು

ಮೈಕ್ರೊಕಂಟ್ರೋಲರ್ ಬೋರ್ಡು ಅಂದರೆ ಅಂಗೈಗಿಂತ ಚಿಕ್ಕ ಕಂಪ್ಯೂಟರು. ಅಂಥ ಮೂರು ತಂದೆ. ಒಂದು ಚಕ್ರದ ಸುತ್ತು ಎಣಿಸಬೇಕು, ಇನ್ನೊಂದು ಹಿಂದೆ ಕೂತು ಟ್ಯಾಂಕಿನ ಪೆಟ್ರೋಲ್ ನೋಡಬೇಕು. ಎರಡೂ ವೈರಿನ ಮೇಲೆ ಸುದ್ದಿ ಕಳಿಸಿದರೆ, ಸ್ಟೇರಿಂಗ್ ಮುಂದಿನ ಮೂರನೇದು ಸ್ಕ್ರೀನಿನಲ್ಲಿ ತೋರಿಸಬೇಕು.

ಮನೆ ಮುಂದೆ ಇಂಜಿನ್ ಆನ್ ಮಾಡಿದೆ. ಕಾರು ನಿಂತೇ ಇದೆ, ಸ್ಕ್ರೀನಿನಲ್ಲಿ ಸ್ಪೀಡ್ ಅರವತ್ತೆರಡು!

ಹಾಲು ತರ್ತಿದ್ದ ಪಕ್ಕದ ಮನೆಯವರು ಇಣುಕಿದರು. "ನಿಂತಲ್ಲೇ ಅರವತ್ತೆರಡಾ?"

"ಸ್ಪಾರ್ಕ್ ಪ್ಲಗ್ಗಿನ ವೈರ್ ಪಕ್ಕದಲ್ಲೇ ಚಕ್ರದ ವೈರನ್ನೂ ಎಳೆದಿದೀನಿ. ಇಂಜಿನ್ನಿನ ಕಿಡಿಯನ್ನೂ ಚಕ್ರದ ಸುತ್ತು ಅಂತ ಎಣಿಸ್ತಿದೆ. ಈಗಲೇ ಸರಿ ಮಾಡ್ತೀನಿ."

"ಅಯ್ಯೋ ಇರಿ, ಒಂದು ಫೋಟೊ ತಗೋತೀನಿ" ಅಂತ ಫೋನ್ ತೆಗೆದರು. "ಬನ್ನೇರುಘಟ್ಟ ರೋಡಿನ ಟ್ರಾಫಿಕ್ಕಲ್ಲಿ ಈ ನಂಬರ್ ಯಾರು ನೋಡಿದಾರೆ?"

ಫೋರ್ತ್ ಬ್ಲಾಕಿನಲ್ಲಿ

ಆ ವೈರನ್ನ ಬೇರೆ ದಾರಿಯಲ್ಲಿ ಎಳೆದ ಮೇಲೆ ಸ್ಪೀಡ್ ಸರಿಹೋಯ್ತು. ಜಂಬದಿಂದ ಓಡಿಸ್ತಿದ್ದೆ. ಒಂದು ಭಾನುವಾರ ಯಜಮಾನರನ್ನ ಕೂರಿಸ್ಕೊಂಡು ತರಕಾರಿಗೆ ಫೋರ್ತ್ ಬ್ಲಾಕಿನ ಮಾರ್ಕೆಟ್ಟಿಗೆ ಹೋಗ್ತಿದ್ದಾಗ, ಅಲ್ಲಿನ ಶಾಪಿಂಗ್ ಕಾಂಪ್ಲೆಕ್ಸ್ ಎದುರಿಗೇ ಕಾರು ಮುಗ್ಗರಿಸಿ ನಿಂತಿತು. ಹಿಂದೆ ಆಟೋಗಳ ಹಾರನ್ನು.

"ಪೆಟ್ರೋಲ್ ಖಾಲಿ ಕಣೇ" ಅಂದರು ಯಜಮಾನರು.

"ಸಾಧ್ಯವೇ ಇಲ್ಲ. ಅರ್ಧ ಟ್ಯಾಂಕ್ ಇದೆ, ಸ್ಕ್ರೀನ್ ನೋಡ್ರೀ."

ಅವರು ಇಳಿದು ಕಾರು ಅಲ್ಲಾಡಿಸಿ, ಟ್ಯಾಂಕಿಗೆ ಕಿವಿಗೊಟ್ಟರು. "ಸ್ಕ್ರೀನನ್ನ ನೀನೇ ನೋಡ್ಕೋ. ಇಲ್ಲಿ ಒಂದು ತೊಟ್ಟೂ ಇಲ್ಲ."

ಯಾವುದೋ ರೋಡ್ ಹಂಪಿನ ಮೇಲೆ ಹಾರಿದಾಗ ಹಿಂದಿನ ಬೋರ್ಡಿನ ವೈರ್ ಕಳಚಿತ್ತು. ಹೋದ ವಾರ ಅದು ಹೇಳಿದ್ದ ಕೊನೇ ಸುದ್ದಿಯನ್ನೇ ಮುಂದಿನ ಬೋರ್ಡು ನಂಬಿ ಕೂತಿತ್ತು, ನನ್ನ ಹಾಗೇ.

ಯಜಮಾನರೂ ಒಬ್ಬ ಆಟೋದವರೂ ಸೇರಿ ಪೆಟ್ರೋಲ್ ಬಂಕಿನ ಕಡೆ ತಳ್ಳೋಕೆ ಶುರು ಮಾಡಿದರು. ಫುಟ್‌ಪಾತಿನವರೆಲ್ಲ ನಗ್ತಿದ್ರು. ನಗಲಿ ಅಂತ ತಲೆಯೆತ್ತಿ ಸ್ಟೇರಿಂಗ್ ಹಿಡಿದು ಕೂತೆ. ಕಣ್ಣು ಸ್ಕ್ರೀನಿನ ಮೇಲೆ ಹೋಯ್ತು.

"ರೀ, ನಾಲ್ಕು ಕಿಲೋಮೀಟರ್! ಸ್ಪೀಡ್ ಎಷ್ಟು ಕರೆಕ್ಟಾಗಿ ತೋರಿಸ್ತಿದೆ ನೋಡಿ!"

ಹಿಂದಿನಿಂದ ಏದುಸಿರಲ್ಲಿ ಕೂಗು ಬಂತು. "ತಳ್ಳೋನ ಬಿಪಿ ಎಷ್ಟು ಅಂತಾನೂ ತೋರಿಸುತ್ತಾ ಅದು?"

ಕಿಟಕಿಯಿಂದ ತಲೆ ಹೊರಗೆ ಹಾಕಿದೆ. "ಅದಕ್ಕೆ ನಾಲ್ಕನೇ ಬೋರ್ಡು ಬೇಕು ಕಣ್ರೀ. ನಾಳೇನೇ ಹಾಕ್ತೀನಿ. ಈಗ ಜೋರಾಗಿ ತಳ್ಳಿ, ಐದು ಬರುತ್ತಾ ನೋಡೋಣ!"